ಟ್ರಂಕಿನಲ್ಲಿ ಏನಿರಬೇಕು?

ಪಿಯುಸಿ ಫಲಿತಾಂಶ ಬಂತು, ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲಿನಲ್ಲೊಂದು ಮಂಚವೂ ಗಟ್ಟಿಯಾಯಿತು ಎನ್ನುವಷ್ಟರಲ್ಲಿ ಮನೆಯಲ್ಲಿ ಪೇಟೆಗೆ ಹೋಗುವ ಗಡಿಬಿಡಿ ಶುರುವಾಗುತ್ತದೆ. ಅಪ್ಪನ ಕೈಯಲ್ಲಿ ಒಂದು ಪಟ್ಟಿ, ಅಮ್ಮನ ಮನಸ್ಸಿನಲ್ಲಿ ಇನ್ನೊಂದು, ಮಗನ ಅಥವಾ ಮಗಳ ಮೊಬೈಲಿನಲ್ಲಿ ಗೆಳೆಯರು ಕಳಿಸಿದ ಮತ್ತೊಂದು. ಮೂರೂ ಪಟ್ಟಿಗಳ ಸಾಮಾನು ಕೊಂಡು ಮನೆಗೆ ಬರುವ ಹೊತ್ತಿಗೆ ಜೇಬು ಬರಿದಾಗಿರುತ್ತದೆ, ಚೀಲ ಹೊರಲಾರದಷ್ಟು ತುಂಬಿರುತ್ತದೆ.

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಲೇಜಿನಲ್ಲಿ ಪಾಠ ಹೇಳಿದವನು. ಅದರಲ್ಲಿ ಕೆಲವು ವರ್ಷ ಹುಡುಗರ ಹಾಸ್ಟೆಲ್ಲಿನ ವಾರ್ಡನ್ ಆಗಿಯೂ ಇದ್ದೆ. ಪ್ರತಿ ವರ್ಷ ಶಾಲಾ ಕಾಲೇಜು ಶುರುವಾಗುವ ಮೊದಲ ವಾರ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು, ಒಳಗೆ ಬರುವ ಟ್ರಂಕು, ಸೂಟ್‌ಕೇಸು, ಬಕೆಟ್ಟು, ಗಂಟುಗಳನ್ನು ನೋಡುತ್ತಿದ್ದೆ. ವರ್ಷದ ಕೊನೆಗೆ ಅವೇ ಸಾಮಾನು ಹೊರಗೆ ಹೋಗುವುದನ್ನೂ ನೋಡುತ್ತಿದ್ದೆ. ಎಷ್ಟೋ ವಸ್ತುಗಳು ಬಂದಾಗ ಇದ್ದ ಪ್ಲಾಸ್ಟಿಕ್ ಹೊದಿಕೆಯ ಸಮೇತ ಊರಿಗೆ ಮರಳುತ್ತಿದ್ದವು. ನಡುವಿನ ಹತ್ತು ತಿಂಗಳಲ್ಲಿ ಹುಡುಗರು ನನ್ನ ಕೋಣೆಯ ಬಾಗಿಲು ತಟ್ಟಿ ಕೇಳುತ್ತಿದ್ದ ವಸ್ತುಗಳೇ ಬೇರೆ: ಸೂಜಿ-ದಾರ, ಜ್ವರದ ಮಾತ್ರೆ, ಪಾಸ್‌ಪೋರ್ಟ್ ಅಳತೆಯ ಫೋಟೋ, ಆದಾಯ ಪ್ರಮಾಣಪತ್ರದ ಒಂದು ಪ್ರತಿ, ಬೀಗ ಒಡೆಯಲು ಒಂದು ಸುತ್ತಿಗೆ!

ಈ ಅನುಭವದಿಂದ ನಾನೊಂದು ಲೆಕ್ಕ ಹಾಕಿಕೊಂಡಿದ್ದೇನೆ. ಕಾಲೇಜಿಗೆ ಹೊರಟವರ ಸಾಮಾನನ್ನು ಮೂರು ಗುಂಪು ಮಾಡಬೇಕು. ಒಂದು, ಕಳೆದರೆ ತಿಂಗಳುಗಟ್ಟಲೆ ಅಲೆಸುವಂಥವು. ಎರಡು, ಇನ್ನೊಬ್ಬರಿಂದ ಕಡ ತರಲು ಬಾರದಂಥವು. ಮೂರು, ನಾಲ್ಕು ಜನ ಕೂಡಿ ಬಳಸಬಹುದಾದಂಥವು. ನಮ್ಮ ಮನೆಗಳಲ್ಲಿ ದುಡ್ಡು ಹೆಚ್ಚು ಖರ್ಚಾಗುವುದು ಮೂರನೆಯ ಗುಂಪಿಗೆ. ತೊಂದರೆ ಬರುವುದು ಮಾತ್ರ ಮೊದಲ ಎರಡರಿಂದ.

ಒಂದು ಅಕ್ಷರದ ಬೆಲೆ

ಕೆಲವು ವರ್ಷಗಳ ಹಿಂದಿನ ಮಾತು. ಹಾವೇರಿ ಕಡೆಯ ಹಳ್ಳಿಯೊಂದರಿಂದ ನಮಗೆ ಪರಿಚಯದ ರೈತರೊಬ್ಬರು ಮಗಳನ್ನು ಧಾರವಾಡಕ್ಕೆ ಬಿ.ಎಸ್‌ಸಿ. ಓದಲು ಕರೆತಂದಿದ್ದರು. ಹಾಸ್ಟೆಲ್ಲಿಗೆ ಹೋಗುವ ಮುನ್ನ ನಮ್ಮ ಮನೆಯಲ್ಲಿ ಚಹಾ ಕುಡಿದರು. ಹೊಸ ಸೂಟ್‌ಕೇಸು, ಸೊಲ್ಲಾಪುರ ಚಾದರ, ಎರಡು ಬಕೆಟ್ಟು, ಸ್ಟೀಲಿನ ಡಬ್ಬಿಗಳು ಎಲ್ಲ ಇದ್ದವು.

“ಎಲ್ಲಾ ತುಂಬೇವ್ರಿ ಮಾಸ್ತರ್ರ, ಏನೂ ಬಿಟ್ಟಿಲ್ಲ” ಎಂದರು ತಾಯಿ.

“ಕಾಗದಪತ್ರ ಎಲ್ಲಿ ಇಟ್ಟೀರಿ ಅಕ್ಕಾ?” ಎಂದು ಕೇಳಿದೆ. ಒಂದು ಪ್ಲಾಸ್ಟಿಕ್ ಚೀಲ ಹೊರಬಂತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಮುಂದೆ ತಂದೆಯ ಹೆಸರು ಪೂರ್ತಿಯಾಗಿತ್ತು. ಆಧಾರ್ ಕಾರ್ಡಿನಲ್ಲಿ ಒಂದೇ ಇನಿಷಿಯಲ್ಲು, ಮೇಲೆ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು.

“ಒಂದ್ ಅಕ್ಷರ ಹೆಚ್ಚುಕಡಿಮಿ ಆದ್ರ ಏನಾಗ್ತೈತ್ರಿ?” ಎಂದರು ತಂದೆ. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಹೊಲದ ಕೆಲಸ ಬಿಟ್ಟು ಬಂದಿದ್ದರು, ಸಂಜೆಯ ಬಸ್ಸಿಗೆ ಮರಳಬೇಕಿತ್ತು. ನಾನೂ ಮುಂದೆ ನೋಡಿಕೊಳ್ಳೋಣ ಎಂದು ಸುಮ್ಮನಾದೆ. ಆ ವರ್ಷ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ಅದೇ ಒಂದು ಅಕ್ಷರದ ಮೇಲೆ ನಿಂತುಹೋಯಿತು. ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಹಾಸ್ಟೆಲ್ಲಿನ ಎರಡನೆಯ ಕಂತಿಗೆ ಆ ತಂದೆ ಎಮ್ಮೆ ಮಾರಿದರೆಂದು ನನಗೆ ಆಮೇಲೆ ತಿಳಿಯಿತು. ಆ ದಿನ ನಾನು ಇನ್ನೊಂದು ಗಳಿಗೆ ಒತ್ತಿ ಹೇಳಿದ್ದರೆ ಎಂದು ಇಂದಿಗೂ ಅನಿಸುತ್ತದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮೊದಲ ಗುಂಪು: ಕಾಗದಪತ್ರ

ಪಾಲಕರೇ, ಸೂಟ್‌ಕೇಸು ಕೊಳ್ಳುವ ಮೊದಲು ಒಂದು ಗಟ್ಟಿ ಫೈಲು ಕೊಳ್ಳಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ (ನಾವೆಲ್ಲ ಟಿಸಿ ಎನ್ನುವುದು), ವ್ಯಾಸಂಗ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹತ್ತು ಹನ್ನೆರಡು ಫೋಟೋ, ಕಟ್ಟಿದ ಫೀಯ ರಸೀದಿಗಳು, ಇಷ್ಟು ಅದರಲ್ಲಿರಲಿ. ಪ್ರತಿಯೊಂದರ ನಾಲ್ಕೈದು ಜೆರಾಕ್ಸ್ ಪ್ರತಿ ಬೇರೆ ಇರಲಿ. ಇನ್ನೊಂದು ಪೂರ್ತಿ ಕಟ್ಟು ಮನೆಯ ಕಪಾಟಿನಲ್ಲಿರಲಿ.

ಅಂಕಪಟ್ಟಿ ಕಳೆದರೆ ನಕಲು ಪ್ರತಿ ಸಿಗುವುದಿಲ್ಲ ಎಂದಲ್ಲ. ಸಿಗುತ್ತದೆ. ಆದರೆ ಅರ್ಜಿ, ಅಫಿಡವಿಟ್ಟು, ಶುಲ್ಕ, ಅಲೆದಾಟ ಎಲ್ಲ ಆದ ಮೇಲೆ. ಆದ್ದರಿಂದ ಮೂಲ ಪ್ರತಿಗಳನ್ನು ದಿನನಿತ್ಯದ ಚೀಲದಲ್ಲಿ ಹಾಕಿಕೊಂಡು ತಿರುಗಾಡುವುದು ಬೇಡ. ಪ್ರವೇಶ ಮುಗಿದ ಮೇಲೆ ಅವು ಮನೆಯಲ್ಲಿರುವುದೇ ಕ್ಷೇಮ. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ವಿದ್ಯಾರ್ಥಿಗೆ ಮರಳಿ ಕೊಡಬೇಕು, ತಮ್ಮಲ್ಲಿ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲೇ ಸೂಚಿಸಿದೆ. ಯಾರಾದರೂ ಇಟ್ಟುಕೊಳ್ಳುತ್ತೇವೆ ಎಂದರೆ ವಿನಯದಿಂದಲೇ ಈ ಮಾತನ್ನು ನೆನಪಿಸಬಹುದು.

ಇನ್ನು ಹೆಸರಿನ ವಿಷಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಬ್ಯಾಂಕಿನಲ್ಲೂ ಹಾಗೆಯೇ ಇರಬೇಕು. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ನೋಡಿ. ವ್ಯತ್ಯಾಸವಿದ್ದರೆ ಅರ್ಜಿ ಕರೆಯುವ ಮೊದಲೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶ. ಆದ್ದರಿಂದ ತಿದ್ದಿಸುವಾಗ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡೇ ತಿದ್ದಿಸಿ. ಹದಿನೈದು ವರ್ಷ ತುಂಬಿದ ಮಕ್ಕಳು ಬೆರಳಚ್ಚು, ಕಣ್ಣಿನ ಗುರುತನ್ನು ಮತ್ತೆ ಕೊಡಬೇಕು ಎಂಬುದೂ ನೆನಪಿರಲಿ. ಇದನ್ನು ಮರೆತವರ ಬೆರಳಚ್ಚು ಬೇಕಾದ ಹೊತ್ತಿಗೆ ಯಂತ್ರಕ್ಕೆ ಹೊಂದುವುದಿಲ್ಲ.

ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅದು ಮುಗಿದಿದೆಯೇ ನೋಡಿ, ಮುಗಿಯುವಂತಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಈಗಲೇ ಅರ್ಜಿ ಹಾಕಿ. ಪ್ರಮಾಣಪತ್ರದ ಮೇಲಿನ ಆರ್.ಡಿ. ಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದಿಡಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳುವುದು ಅದನ್ನೇ. ವಿದ್ಯಾರ್ಥಿವೇತನ ಜಮಾ ಆಗುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಎರಡು ಮೂರು ಖಾತೆಗಳಿದ್ದರೆ ಕೊನೆಗೆ ಯಾವುದಕ್ಕೆ ಜೋಡಣೆ ಮಾಡಿಸಿದ್ದೀರೋ ಅದಕ್ಕೆ ದುಡ್ಡು ಹೋಗುತ್ತದೆ. ಕಾಲೇಜಿನ ಊರಲ್ಲಿ ಹೊಸ ಖಾತೆ ತೆರೆದ ಹುಡುಗರು ಹಳೆಯ ಪಾಸ್‌ಬುಕ್ಕು ನೋಡಿಕೊಂಡು “ದುಡ್ಡು ಬಂದೇ ಇಲ್ಲ” ಎಂದು ಗೋಳಾಡಿದ್ದನ್ನು ನಾನು ಬಲ್ಲೆ.

ವೃತ್ತಿಶಿಕ್ಷಣಕ್ಕೆ ಸಿಇಟಿ ಬರೆಯುವವರಿಗೆ ಇನ್ನೊಂದು ಮಾತು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲು ಇದೆ. ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರು ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಹಾಕಿದ ಪ್ರಮಾಣಪತ್ರ ಬೇಕು. ಊರು ಬಿಡುವ ಮುನ್ನವೇ ಅದನ್ನು ಮಾಡಿಸಿಕೊಂಡರೆ ಆಮೇಲಿನ ಓಡಾಟ ತಪ್ಪುತ್ತದೆ.

ಇದೆಲ್ಲದರ ಜೊತೆಗೆ ಡಿಜಿಲಾಕರ್ ಇದೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಈ ವ್ಯವಸ್ಥೆಯಲ್ಲಿ ಇಲಾಖೆಗಳೇ ನೇರವಾಗಿ ಹಾಕಿದ ಅಂಕಪಟ್ಟಿ, ಚಾಲನಾ ಪರವಾನಗಿಗಳಿಗೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ನಾವು ಫೋಟೋ ತೆಗೆದು ಸೇರಿಸಿದ ಪ್ರತಿಗೆ ಆ ಬೆಲೆ ಇಲ್ಲ. ಈ ವ್ಯತ್ಯಾಸವನ್ನು ಹುಡುಗರು ತಿಳಿದಿರಬೇಕು. ಫೈಲು ಮಳೆಯಲ್ಲಿ ನೆನೆದರೂ ಇದು ನೆನೆಯುವುದಿಲ್ಲ, ನಿಜ. ಆದರೆ ಅದಕ್ಕೆ ಸೇರಿಸಿದ ಮೊಬೈಲ್ ಸಂಖ್ಯೆ ಬಳಕೆಯಲ್ಲಿ ಇರಬೇಕು. ಅಪ್ಪನ ಹಳೆಯ ಸಿಮ್ಮಿನ ಸಂಖ್ಯೆ ಕೊಟ್ಟು, ಆ ಸಿಮ್ಮು ಬಂದ್ ಆಗಿದ್ದರೆ ಬೀಗವಿದ್ದೂ ಕೀಲಿ ಇಲ್ಲದಂತಾಗುತ್ತದೆ.

ಎರಡನೆಯ ಗುಂಪು: ಕಡ ಕೇಳಲಾಗದ್ದು

ಟವೆಲ್ಲು, ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಒಳ ಉಡುಪು, ಹೊದಿಕೆ, ಚಪ್ಪಲಿ ಇವನ್ನು ಯಾರೂ ಯಾರಿಂದಲೂ ಕೇಳಿ ಪಡೆಯಬಾರದು. ಇವು ಸಾಕಷ್ಟಿರಲಿ. ಆದರೆ ಡಜನ್ನುಗಟ್ಟಲೆ ಬೇಡ. ವಾರಕ್ಕೊಮ್ಮೆ ಬಟ್ಟೆ ಒಗೆಯುವ ಅಭ್ಯಾಸವಿದ್ದರೆ ಐದಾರು ಜೊತೆ ಬಟ್ಟೆ ಧಾರಾಳವಾಯಿತು. ಒಗೆಯಲು ಬಾರದ ಹುಡುಗನಿಗೆ ಹದಿನೈದು ಜೊತೆ ಕೊಟ್ಟರೂ ಹದಿನಾರನೆಯ ದಿನ ಅವನು ಕೊಳೆ ಅಂಗಿಯಲ್ಲೇ ಕಾಲೇಜಿಗೆ ಹೋಗುತ್ತಾನೆ! ಆದ್ದರಿಂದ ಊರು ಬಿಡುವ ಮೊದಲ ಎರಡು ವಾರ ಮಕ್ಕಳ ಬಟ್ಟೆಯನ್ನು ಅವರೇ ಒಗೆಯಲಿ. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲವಷ್ಟೆ?

ಒಂದು ಬಕೆಟ್ಟು, ಒಂದು ಮಗ್ಗು, ಬಟ್ಟೆ ಒಣಹಾಕಲು ನಾಲ್ಕು ಮಾರು ಹಗ್ಗ, ಹತ್ತು ಕ್ಲಿಪ್ಪು, ಸೊಳ್ಳೆಪರದೆ, ಒಂದು ಟಾರ್ಚು, ಎರಡು ಕೀಲಿಗಳಿರುವ ಒಳ್ಳೆಯ ಬೀಗ. ಎರಡೂ ಕೀಲಿಗಳನ್ನು ಒಂದೇ ಗೊಂಚಲಿಗೆ ಹಾಕಿಕೊಂಡು ತಿರುಗಿದವರೇ ನನ್ನಲ್ಲಿ ಸುತ್ತಿಗೆ ಕೇಳಲು ಬರುತ್ತಿದ್ದವರು. ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಹಾಸಿಗೆ, ತಟ್ಟೆ, ಲೋಟ ಕೊಡುವುದುಂಟು. ಮೊದಲು ವಿಚಾರಿಸಿ, ಆಮೇಲೆ ಕೊಳ್ಳಿ.

ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ, ಬಿಳಿ-ಕಪ್ಪು ದಾರ, ನಾಲ್ಕು ಗುಂಡಿ, ಸೇಫ್ಟಿ ಪಿನ್ನು, ಸಣ್ಣ ಕತ್ತರಿ, ಉಗುರು ಕತ್ತರಿಸುವ ಸಾಧನ ಹಾಕಿ ಕೊಡಿ. ಸಂದರ್ಶನದ ಬೆಳಗ್ಗೆ ಅಂಗಿಯ ಗುಂಡಿ ಕಿತ್ತುಹೋದವನಿಗೆ ಈ ಡಬ್ಬಿಯ ಮಹತ್ವ ಗೊತ್ತಾಗುತ್ತದೆ. ಹೆಣ್ಣುಮಕ್ಕಳು ತಿಂಗಳ ದಿನಗಳಿಗೆ ಬೇಕಾದ ಪ್ಯಾಡನ್ನು ಕೋಣೆಯಲ್ಲೂ, ಒಂದೆರಡನ್ನು ದಿನದ ಚೀಲದಲ್ಲೂ ಇಟ್ಟುಕೊಳ್ಳಬೇಕು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕನ್ನಡಕ ಹಾಕುವವರು ಹಳೆಯ ಕನ್ನಡಕವನ್ನು ಎಸೆಯದೆ ಟ್ರಂಕಿನಲ್ಲಿಟ್ಟುಕೊಳ್ಳಿ. ಕಣ್ಣಿನ ಡಾಕ್ಟರು ಬರೆದುಕೊಟ್ಟ ನಂಬರಿನ ಚೀಟಿಯೂ ಇರಲಿ. ಪರೀಕ್ಷೆಯ ಮುನ್ನಾದಿನ ಕನ್ನಡಕ ಮುರಿದರೆ ಹಳೆಯದೇ ಆಪತ್ಬಾಂಧವ.

ಔಷಧಿಯ ಪೆಟ್ಟಿಗೆ

ದೊಡ್ಡ ಔಷಧಾಲಯವೇನೂ ಬೇಡ. ಜ್ವರ-ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಹಚ್ಚುವ ಮುಲಾಮು, ಅಂಟುಪಟ್ಟಿ, ಹತ್ತಿ, ಒಂದು ಥರ್ಮಾಮೀಟರ್ ಸಾಕು. ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದವರು ಡಾಕ್ಟರ ಚೀಟಿಯ ಸಮೇತ ಒಂದು ತಿಂಗಳ ಔಷಧಿ ಇಟ್ಟುಕೊಂಡು, ಕೋಣೆಯ ಜೊತೆಗಾರನಿಗೂ ವಾರ್ಡನ್ನರಿಗೂ ಈ ವಿಷಯ ತಿಳಿಸಿರಬೇಕು. ಮುಚ್ಚಿಡುವುದು ಅಪಾಯ.

ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿಯಾಗಿ ಹಾಕಿ ಕಲಸಬೇಕು. ಅರ್ಧ ಪೊಟ್ಟಣ, ಅರ್ಧ ಲೋಟ ಎಂದು ಅಂದಾಜು ಮಾಡಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೆಸ್ಸಿನ ಊಟ ಹೊಟ್ಟೆಗೆ ಒಗ್ಗದ ಮೊದಲ ತಿಂಗಳು ಇದರ ಉಪಯೋಗ ಬಂದೇ ಬರುತ್ತದೆ.

ಮಳೆಗಾಲದ ಜ್ವರವನ್ನು ಹಗುರವಾಗಿ ಕಾಣಬೇಡಿ. ಡೆಂಗಿ ಇರಬಹುದೆಂಬ ಅನುಮಾನವಿರುವಾಗ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ನುಂಗಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಎರಡು ದಿನವಾದರೂ ಜ್ವರ ಇಳಿಯದಿದ್ದರೆ ಡಾಕ್ಟರನ್ನು ಕಾಣಬೇಕು. ಗೆಳೆಯನಿಗೆ ಉಳಿದ ಆ್ಯಂಟಿಬಯಾಟಿಕ್ ತನಗೂ ಆದೀತು ಎಂಬ ಉಳಿತಾಯ ಬೇಡವೇ ಬೇಡ.

ದಿನದ ಚೀಲದಲ್ಲಿ

ಪ್ರತಿದಿನ ಕಾಲೇಜಿಗೆ ಒಯ್ಯುವ ಚೀಲ ಹಗುರವಾಗಿರಬೇಕು. ಗುರುತಿನ ಚೀಟಿ, ಬಸ್ ಪಾಸು, ಎರಡು ಪೆನ್ನು, ಆ ದಿನದ ನೋಟ್ಸು, ನೀರಿನ ಬಾಟಲಿ, ಊಟದ ಡಬ್ಬಿ, ಕರವಸ್ತ್ರ, ಮಡಿಚುವ ಕೊಡೆ. ಪ್ರಯೋಗಾಲಯವಿದ್ದ ದಿನ ರೆಕಾರ್ಡ್ ಪುಸ್ತಕ ಮತ್ತು ಕೋಟು. ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕ್ಯಾಲ್ಕ್ಯುಲೇಟರ್ ಕೊಳ್ಳುವ ಮೊದಲು ಪರೀಕ್ಷೆಯಲ್ಲಿ ಯಾವ ಮಾದರಿಗೆ ಅವಕಾಶವಿದೆ ಎಂದು ಕಾಲೇಜಿನಲ್ಲೇ ಕೇಳಬೇಕು. ಪ್ರೋಗ್ರಾಂ ಮಾಡಬಲ್ಲವನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಚೀಲದ ಎರಡೂ ಪಟ್ಟಿಗಳನ್ನು ಎರಡೂ ಹೆಗಲಿಗೆ ಹಾಕಿಕೊಳ್ಳಿ. ಒಂದೇ ಹೆಗಲಿಗೆ ಜೋತುಬಿಡುವುದು ನೋಡಲು ಚೆಂದ, ಬೆನ್ನಿಗೆ ಕಷ್ಟ. ಮಲೆನಾಡು, ಕರಾವಳಿಯ ಕಾಲೇಜುಗಳಿಗೆ ಹೋಗುವವರು ಪುಸ್ತಕ ಸುತ್ತಲು ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಇಟ್ಟುಕೊಳ್ಳಲಿ.

ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ಇದರಿಂದ ಮನೆಯಿಂದಲೇ ಓಡಾಡಿ ಓದುವ ಎಷ್ಟೋ ಹೆಣ್ಣುಮಕ್ಕಳ ಖರ್ಚು ಇಳಿದಿದೆ. ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು.

ಜೇಬಿನಲ್ಲಿ ಸ್ವಲ್ಪ ನಗದು ಇರಲಿ. ಈಗ ಚಹಾದಂಗಡಿಯಲ್ಲೂ ಮೊಬೈಲಿನಿಂದಲೇ ದುಡ್ಡು ಕೊಡುವ ಕಾಲ, ಒಪ್ಪಿದೆ. ಆದರೆ ನೆಟ್‌ವರ್ಕ್ ಹೋದಾಗ, ಬ್ಯಾಟರಿ ಮುಗಿದಾಗ ಊರಿಗೆ ಮರಳುವಷ್ಟು ಹಣ ಚೀಲದ ಒಳಜೇಬಿನಲ್ಲಿ ಮಡಿಚಿಟ್ಟಿರಬೇಕು.

ನೆನಪಿನಲ್ಲಿರಬೇಕಾದ ಸಂಖ್ಯೆ

ಒಮ್ಮೆ ರಾತ್ರಿ ಹತ್ತರ ಸುಮಾರಿಗೆ ಹೊಸ ಹುಡುಗನೊಬ್ಬ ಅಳುತ್ತ ನನ್ನ ಬಾಗಿಲಿಗೆ ಬಂದ. ಬಸ್ಸಿನಲ್ಲಿ ಮೊಬೈಲು ಕಳೆದುಕೊಂಡಿದ್ದ. “ಮನೆಗೆ ಹಚ್ಚಿ ಮಾತಾಡಪ್ಪ” ಎಂದು ನನ್ನ ಫೋನು ಕೊಟ್ಟೆ. ಫೋನು ಹಿಡಿದು ಸುಮ್ಮನೆ ನಿಂತ. ತಂದೆಯ ನಂಬರು ಅವನಿಗೆ ಗೊತ್ತಿರಲಿಲ್ಲ! “ಅಪ್ಪ” ಎಂದು ಒತ್ತಿಯಷ್ಟೇ ಅವನಿಗೆ ರೂಢಿ. ಪ್ರವೇಶದ ಅರ್ಜಿ ಹುಡುಕಿ ನಂಬರು ತೆಗೆಯುವಷ್ಟರಲ್ಲಿ, ಮಗ ಫೋನು ಎತ್ತುತ್ತಿಲ್ಲವೆಂದು ಊರಿನಲ್ಲಿ ತಾಯಿ ಗಾಬರಿಯಾಗಿ ಕುಳಿತಿದ್ದರು.

ಮನೆಯವರ ಎರಡು ಸಂಖ್ಯೆ ಬಾಯಿಪಾಠವಾಗಿರಲಿ. ಒಂದು ರಟ್ಟಿನ ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಮನೆಯ ಮತ್ತು ವಾರ್ಡನ್ನರ ಸಂಖ್ಯೆ ಬರೆದು ಗುರುತಿನ ಚೀಟಿಯ ಹಿಂದೆ ಸೇರಿಸಿ. ತುರ್ತು ಸಹಾಯಕ್ಕೆ 112, ಮೊಬೈಲ್ ಅಥವಾ ಬ್ಯಾಂಕ್ ಮೋಸವಾದರೆ ಕೂಡಲೇ 1930, ರ‍್ಯಾಗಿಂಗ್ ತೊಂದರೆಗೆ 1800-180-5522. ಮನೆಯ ನೆನಪಾಗಿ, ಓದು ತಲೆಗೆ ಹತ್ತದೆ, ಯಾರಿಗೂ ಹೇಳಿಕೊಳ್ಳಲಾರೆ ಎನಿಸಿದಾಗ ಟೆಲಿ-ಮನಸ್‌ನ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಮೊಬೈಲಿನಲ್ಲಿ *#06# ಒತ್ತಿದರೆ ಐಎಂಇಐ ಎಂಬ 15 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಮನೆಯ ವಹಿಯಲ್ಲಿ ಬರೆದಿಡಿ. ಫೋನು ಕಳೆದಾಗ ಪೊಲೀಸರಿಗೆ ದೂರು ಕೊಟ್ಟು, ಸಂಚಾರ್ ಸಾಥಿ ತಾಣದ ಮೂಲಕ ಅದನ್ನು ನಿಷ್ಕ್ರಿಯಗೊಳಿಸಲು ಈ ಸಂಖ್ಯೆಯೇ ಆಧಾರ.

ಮೂರನೆಯ ಗುಂಪು: ಕೂಡಿ ಬಳಸುವುದು

ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡು, ಪೊರಕೆ, ದೊಡ್ಡ ನಿಘಂಟು, ಬೆಲೆಬಾಳುವ ಪಠ್ಯಪುಸ್ತಕ ಇವು ಕೋಣೆಗೊಂದು ಇದ್ದರೆ ಸಾಕು. ಮೊದಲ ದಿನವೇ ಕೊಳ್ಳಬೇಡಿ. ಕೋಣೆಯ ಜೊತೆಗಾರರು ಏನು ತಂದಿದ್ದಾರೆ ನೋಡಿ, ಉಳಿದದ್ದನ್ನು ಹಂಚಿಕೊಂಡು ತರಬಹುದು. ನೀರು ಕಾಯಿಸುವ ಕಾಯಿಲ್, ವಿದ್ಯುತ್ ಒಲೆಗೆ ಬಹುಪಾಲು ಹಾಸ್ಟೆಲ್‌ಗಳಲ್ಲಿ ನಿಷೇಧವಿದೆ. ಕದ್ದು ಬಳಸಿ ಶಾಕ್ ಹೊಡೆಸಿಕೊಂಡವರಿದ್ದಾರೆ. ಕೇಳಿ ತಿಳಿದ ಮೇಲೆ ಕೊಳ್ಳುವುದು ಲೇಸು. ಪವರ್ ಬ್ಯಾಂಕು ಬೇಕೆಂದರೆ ಬಿಐಎಸ್ ನೋಂದಣಿಯ ಗುರುತು ಇರುವುದನ್ನೇ ಆರಿಸಿ.

ಕನ್ನಡ ಮಾಧ್ಯಮದಿಂದ ಬಂದು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಪಾಠ ಕೇಳುವ ಮಕ್ಕಳಿಗೆ ಒಂದು ಇಂಗ್ಲಿಷ್-ಕನ್ನಡ ನಿಘಂಟು ಬೇಕೇ ಬೇಕು. ಮೈಸೂರು ವಿಶ್ವವಿದ್ಯಾಲಯದ ನಿಘಂಟು ತಲೆಮಾರುಗಳ ವಿದ್ಯಾರ್ಥಿಗಳ ಕೈಹಿಡಿದು ನಡೆಸಿದೆ. ದೊಡ್ಡ ಸಂಪುಟ ಗ್ರಂಥಾಲಯದಲ್ಲಿರಲಿ, ಚಿಕ್ಕದೊಂದು ಮೇಜಿನ ಮೇಲಿರಲಿ. ತರಗತಿಯಲ್ಲಿ ಕೇಳಿದ ಹೊಸ ಪದಗಳನ್ನು ಅಂದಂದೇ ಬರೆದಿಡಲು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಮೂರು ತಿಂಗಳು ಈ ಕೆಲಸ ತಪ್ಪದೆ ಮಾಡಿದವರು ಕೊನೆಯ ಬೆಂಚಿನಿಂದ ಮುಂದಕ್ಕೆ ಬಂದು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಠ್ಯಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಕೊಳ್ಳಬಹುದು. ಬೆಂಗಳೂರಿನಲ್ಲಿ ಓದುವವರಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಗೊತ್ತೇ ಇವೆ. ಪಠ್ಯಕ್ರಮ ಬದಲಾಗಿದೆಯೇ ಎಂದು ನೋಡಿಕೊಂಡರಾಯಿತು.

ಇನ್ನು ಲ್ಯಾಪ್‌ಟಾಪು. ಪಾಲಕರ ಎದೆ ನಡುಗಿಸುವ ವಸ್ತು ಇದು. ತಾಯಿಯ ಬೋರಮಾಳ ಸರವನ್ನು ಒತ್ತೆಯಿಟ್ಟು ಮಗನಿಗೆ ಲ್ಯಾಪ್‌ಟಾಪು ಕೊಡಿಸಿದ ಮನೆಗಳನ್ನು ನಾನು ಬಲ್ಲೆ. ಕೆಲವು ಕೋರ್ಸುಗಳಿಗೆ ಅದು ನಿಜಕ್ಕೂ ಬೇಕು. ಎಷ್ಟೋ ಕೋರ್ಸುಗಳಲ್ಲಿ ಮೊದಲ ವರ್ಷ ಕಾಲೇಜಿನ ಪ್ರಯೋಗಾಲಯ, ಗ್ರಂಥಾಲಯದ ಕಂಪ್ಯೂಟರೇ ಸಾಕಾಗುತ್ತದೆ. ನನ್ನ ಸಲಹೆ ಇಷ್ಟೆ: ತರಗತಿ ಶುರುವಾಗಿ ಒಂದು ತಿಂಗಳು ತಡೆಯಿರಿ. ಅದೇ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನು, ಅಧ್ಯಾಪಕರನ್ನು ಕೇಳಿ. ಯಾವ ತಂತ್ರಾಂಶ ಬಳಸಬೇಕಾಗುತ್ತದೆ ಎಂದು ತಿಳಿದ ಮೇಲೆ ಅದಕ್ಕೆ ತಕ್ಕದ್ದನ್ನು ಕೊಳ್ಳಿ. ಅಂಗಡಿಯವನ ಮಾತಿನ ಮೇಲೆ ಕೊಂಡರೆ ಒಂದೋ ಸಾಲದು, ಇಲ್ಲವೇ ಹೆಚ್ಚಾಯಿತು ಎನ್ನುವ ಪಾಡು.

ದ್ವಿಚಕ್ರ ವಾಹನದ ಬೇಡಿಕೆಯೂ ಇದೇ ವೇಳೆಗೆ ಬರುತ್ತದೆ. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಬೈಕು ಕೊಡಿಸಿದವರು ಐಎಸ್‌ಐ ಮುದ್ರೆಯ ಹೆಲ್ಮೆಟ್ ಎರಡು ಕೊಡಿಸಬೇಕು. ಹಿಂದೆ ಕೂಡುವ ಗೆಳೆಯನಿಗೂ ತಲೆ ಇದೆ!

ಬುತ್ತಿಯ ಗಂಟು

ತಿನಿಸಿನ ವಿಷಯ ಬರೆಯದಿದ್ದರೆ ತಾಯಂದಿರು ನನ್ನನ್ನು ಕ್ಷಮಿಸಲಾರರು. ಹಿಂದೆ ನಮ್ಮ ಹಿರಿಯರು ವಾರಾನ್ನ ಉಂಡು, ದಿನಕ್ಕೊಂದು ಮನೆಯಲ್ಲಿ ಕೈಯೊಡ್ಡಿ ಓದಿದರು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ದೊಡ್ಡವರಾದವರ ಸಂಖ್ಯೆ ಎಣಿಕೆಗೆ ಸಿಗದು. ಧಾರವಾಡದ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸು ತರುವ ಬುತ್ತಿ ಗಂಟಿಗಾಗಿ ಕಾದು ನಿಲ್ಲುತ್ತಿದ್ದ ಹುಡುಗರನ್ನು ನಾನೇ ನೋಡಿದ್ದೇನೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ರವೆ ಉಂಡಿ, ಹುರಿದ ಅವಲಕ್ಕಿ ಇವು ವಾರಗಟ್ಟಲೆ ಕೆಡುವುದಿಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೊಡಿ. ಎಣ್ಣೆಯ ಉಪ್ಪಿನಕಾಯಿ ಮಾತ್ರ ಕಾಗದಪತ್ರದ ಫೈಲು ಇರುವ ಚೀಲದಲ್ಲಿ ಬೇಡ. ಉಪ್ಪಿನಕಾಯಿ ಎಣ್ಣೆ ಹೀರಿದ ಒಂದು ಟಿಸಿಯನ್ನು ನಾನು ಕೈಯಾರೆ ಒಣಗಿಸಿದ್ದೇನೆ.

ಪಟ್ಟಿ ಯಾರದು?

ಒಂದು ವರ್ಷ ನಮ್ಮ ಹಾಸ್ಟೆಲ್ಲಿಗೆ ಬಂದ ಹುಡುಗನೊಬ್ಬ ತನ್ನ ಅಜ್ಜನ ತಗಡಿನ ಟ್ರಂಕನ್ನು ಮಂಚದ ಕೆಳಗೆ ಗೋಡೆಯವರೆಗೆ ತಳ್ಳಿ, ಮೇಲೆ ಚಾದರ ಇಳಿಬಿಟ್ಟಿದ್ದ. ಪಕ್ಕದ ಮಂಚದವರ ಗಾಲಿ ಹಚ್ಚಿದ ಸೂಟ್‌ಕೇಸಿನ ಮುಂದೆ ಅವನಿಗೆ ನಾಚಿಕೆ. ಮಕ್ಕಳಿಗೆ ಈ ಸಂಕಟ ನಿಜವಾದದ್ದು. ನಗಬಾರದು, ಗದರಲೂ ಬಾರದು. ನಾನು ಅವನಿಗೆ ಉಪದೇಶ ಮಾಡಲಿಲ್ಲ. ಆ ಮಳೆಗಾಲದಲ್ಲಿ ಕೋಣೆಯ ಸೂರು ಸೋರಿ ಎಲ್ಲರ ಪುಸ್ತಕ ನೆನೆದಾಗ, ನಾಲ್ವರ ಪುಸ್ತಕಗಳೂ ಆ ಟ್ರಂಕಿನೊಳಗೆ ಸೇರಿದವು. ವರ್ಷದ ಕೊನೆಯವರೆಗೆ ಅದು ಕೋಣೆಯ ನಡುವೆಯೇ ಇತ್ತು, ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

ನಾನು ಓದಲು ಹೊರಟಾಗ ನನ್ನ ತಂದೆ ಟ್ರಂಕಿನ ಮುಚ್ಚಳದ ಒಳಬದಿಗೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಸಾಮಾನಿನ ಪಟ್ಟಿ ಇತ್ತು. ಬರೆದವನು ನಾನೇ. “ನಿನ್ನ ಸಾಮಾನು, ನಿನ್ನ ಕೈಯಿಂದಲೇ ಬರಿ” ಎಂದು ಕೂಡಿಸಿ ಬರೆಸಿದ್ದರು. ರಜೆಗೆ ಬಂದಾಗಲೆಲ್ಲ ಅದನ್ನು ನೋಡಿ, ಏನು ಕಳೆದಿದೆ, ಏನು ಹರಿದಿದೆ, ಏನು ಬೇಡವಾಗಿತ್ತು ಎಂದು ಇಬ್ಬರೂ ಕೂತು ಲೆಕ್ಕ ಹಾಕುತ್ತಿದ್ದೆವು. ಎರಡನೆಯ ವರ್ಷದ ಪಟ್ಟಿ ಮೊದಲಿನದರ ಅರ್ಧದಷ್ಟಾಗಿತ್ತು.

ಪಾಲಕರೇ, ನೀವೂ ಒಂದು ಸಂಜೆ ಹಾಗೆ ಕೂಡಿರಿ. ಪೆನ್ನು ಮಗುವಿನ ಕೈಯಲ್ಲಿರಲಿ. ಮೂರು ಗುಂಪು ಅವರೇ ಮಾಡಲಿ. ಯಾವುದಕ್ಕೆ ಎಷ್ಟು ದುಡ್ಡು, ಮನೆಯಲ್ಲಿ ಎಷ್ಟಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಹದಿನೆಂಟರ ಮಕ್ಕಳಿಗೆ ಅರ್ಥವಾಗುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಟ್ರಂಕನ್ನು ನೀವೇ ತುಂಬಿರಿ. ಅಮ್ಮ ತುಂಬಿದ ಟ್ರಂಕಿನಲ್ಲಿ ಏನು ಎಲ್ಲಿದೆ ಎಂದು ಗೊತ್ತಿರುವುದು ಅಮ್ಮನಿಗೆ ಮಾತ್ರ.

ಆ ಹಾವೇರಿ ಕಡೆಯ ಹುಡುಗಿ ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹೋದ ವರ್ಷ ದಾರಿಯಲ್ಲಿ ಸಿಕ್ಕಿದ್ದಳು. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆಯ ಅರ್ಜಿ ತುಂಬಿಸುವಾಗ ಪ್ರತಿಯೊಬ್ಬರ ಆಧಾರ್ ಕಾರ್ಡನ್ನೂ ತರಿಸಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು ಓದಿಸುತ್ತಾಳಂತೆ. “ಒಂದು ಅಕ್ಷರಾನೂ ಬಿಡಂಗಿಲ್ರಿ ಸರ್” ಎಂದಳು.